ಹೇಳಿದ ಟೈಮಿಗೆ ಮನೆ ಮುಗಿಯುತ್ತಾ ಅಂತ ಕೇಳೋರಿಗೆ

ಸೈಟ್ ನೋಡ್ಕೊಳ್ಳೋ ಕೆಲಸ ಅಂದ ತಕ್ಷಣ ಎಲ್ಲರೂ ಕೇಳೋದು ಇದನ್ನೇ, "ಸಾರ್, ಕಂಟ್ರಾಕ್ಟರು ಹತ್ತು ತಿಂಗಳು ಅಂದಿದ್ದಾರೆ, ನಿಜವಾಗ್ಲೂ ಮುಗಿಯುತ್ತಾ?" 30×40 ಸೈಟಲ್ಲಿ ಕೆಳಗೊಂದು ಮೇಲೊಂದು ಫ್ಲೋರ್ ಅಂದ್ರೆ ಮುಗಿಸ್ಬಹುದು, ಆದ್ರೆ ಮನೆಯೋರ ತೀರ್ಮಾನ ಗಾರೆ ಕೆಲಸಕ್ಕಿಂತ ಎರಡು ಹೆಜ್ಜೆ ಮುಂದೆ ಇರ್ಬೇಕು. ಸಿಮೆಂಟ್ ಇಲ್ಲ, ಆಳು ಇಲ್ಲ ಅಂತ ನಿಂತಿದ್ದಕ್ಕಿಂತ "ಇನ್ನೂ ಮನೇಲಿ ಮಾತಾಡಿಲ್ಲ" ಅಂತ ನಿಂತ ಕೆಲಸಗಳನ್ನೇ ನಾನು ಜಾಸ್ತಿ ನೋಡಿರೋದು.

ಮೋಲ್ಡ್, ಅಂದ್ರೆ ಚಾವಣಿ ಕಾಂಕ್ರೀಟ್ ಸ್ಲ್ಯಾಬ್, ಹಾಕೋದನ್ನೇ ತಗೊಳ್ಳಿ. ಬಾತ್‌ರೂಮ್ ಎಲ್ಲಿ, ಅಲ್ಲಿ ಸ್ಲ್ಯಾಬ್ ಎಷ್ಟು ಇಳಿಸ್ಬೇಕು ಅನ್ನೋದು ಸೆಂಟ್ರಿಂಗ್‌ಗೆ (ಕಾಂಕ್ರೀಟ್ ಹಿಡಿಯೋ ಹಲಗೆ ಕಟ್ಟೋ ಕೆಲಸಕ್ಕೆ) ಮುಂಚೆನೇ ಗೊತ್ತಿರ್ಬೇಕು, ಕಂಬಿ ಕಟ್ತಿದ್ದ ಹಾಗೆ ಎಲೆಕ್ಟ್ರಿಷಿಯನ್ ಬಂದು ಪೈಪು, ಫ್ಯಾನ್ ಬಾಕ್ಸು ಕೂರಿಸ್ಬೇಕು, ಅದಕ್ಕೆ ಮಂಚ ಎಲ್ಲಿ ಬರುತ್ತೆ ಡೈನಿಂಗ್ ಟೇಬಲ್ ಎಲ್ಲಿ ಬರುತ್ತೆ ಅಂತ ಮನೆಯೋರೇ ಹೇಳ್ಬೇಕು. ಆಮೇಲೆ ಬದಲಾಯಿಸಿದ್ರೆ ಕಾಂಕ್ರೀಟ್ ಒಡೀಬೇಕು, ದುಡ್ಡೂ ಹೋಯ್ತು ದಿನವೂ ಹೋಯ್ತು. ಕಾಂಕ್ರೀಟ್ ಹಾಕೋ ಹಿಂದಿನ ದಿನ ಇಂಜಿನಿಯರ್ ಜೊತೆ ಮೇಲೆ ಹತ್ತಿ ನೋಡಿ. ಸ್ಲ್ಯಾಬ್ ಕಂಬಿ ಕೆಳಗೆ, ಅದನ್ನ ಹಲಗೆಯಿಂದ ಎತ್ತಿ ಹಿಡಿಯೋ 20 ಎಂಎಂ ಕವರ್ ಬ್ಲಾಕ್ ಇದ್ಯಾ? ಬಾಲ್ಕನಿ ಹೊರಗೆ ಚಾಚಿಕೊಂಡಿದ್ರೆ ಅದರ ಭಾರ ತಡೆಯೋ ಕಂಬಿ ಮೇಲ್ಗಡೆ ಇರುತ್ತೆ, ಆಳುಗಳು ಓಡಾಡಿ ತುಳಿದು ಅದು ಕೆಳಗೆ ಕೂತಿದ್ರೆ ಎತ್ತಿಸಿ ಚೇರ್ (ಅದನ್ನ ಮೇಲೆ ಹಿಡಿಯೋ ಬಗ್ಗಿಸಿದ ಕಂಬಿ ತುಂಡು) ಇಡಿಸಲೇಬೇಕು. ಕಾಂಕ್ರೀಟ್ ಬಿದ್ಮೇಲೆ ಇದ್ಯಾವುದೂ ಕಣ್ಣಿಗೆ ಕಾಣಲ್ಲ, ಅದಕ್ಕೇ ಫೋಟೋನೂ ತೆಗೆದಿಟ್ಕೊಳ್ಳಿ.

ಟೈಮ್ ಉಳಿಸ್ತೀನಿ ಅಂತ ಕ್ಯೂರಿಂಗ್‌ನ, ಅಂದ್ರೆ ಕಾಂಕ್ರೀಟನ್ನ ನೀರಲ್ಲಿ ನೆನೆಸಿಡೋ ದಿನಗಳನ್ನ, ಮಾತ್ರ ಕಮ್ಮಿ ಮಾಡ್ಬೇಡಿ. ಕಾಂಕ್ರೀಟ್ ಕೆಲಸಕ್ಕಿರೋ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 10 ದಿನ ಕ್ಯೂರಿಂಗ್ ಆಗ್ಬೇಕು. ಓಪಿಸಿ ಸ್ಲ್ಯಾಬ್ ಕೆಳಗಿನ ಪ್ರಾಪ್‌ಗಳು (ಆಧಾರಕ್ಕೆ ನಿಲ್ಲಿಸಿದ ಕಂಬಗಳು) ನಾಲ್ಕೂವರೆ ಮೀಟರ್ ಒಳಗಿನ ಸ್ಪ್ಯಾನ್‌ಗೆ (ಒಂದು ಗೋಡೆ ಅಥವಾ ಬೀಮ್‌ನಿಂದ ಇನ್ನೊಂದಕ್ಕಿರೋ ದೂರಕ್ಕೆ) 7 ದಿನ, ಅದಕ್ಕಿಂತ ಜಾಸ್ತಿ ಇದ್ರೆ 14 ದಿನ ಇರ್ಲೇಬೇಕು, ಬೀಮ್ ಕೆಳಗೆ ಇನ್ನೂ ಜಾಸ್ತಿ ದಿನ. ಸ್ಲ್ಯಾಬ್ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿರೋ ಆ ದಿನಗಳಲ್ಲಿ ಸೈಟಲ್ಲಿ ಕೆಲಸ ಕಮ್ಮಿ ಅಂತ ಮನೆಯೋರೂ ರೆಸ್ಟ್ ತಗೊಂಡ್ಬಿಡ್ತಾರೆ, ನಾನು ಬೇಡ ಅನ್ನೋದು ಇದನ್ನೇ. ಟೈಲ್ಸ್ ಅಂಗಡಿ ಸುತ್ತೋಕೆ, ಬಾಗಿಲಿನ ಮರ ನೋಡೋಕೆ, ಅಡುಗೆಮನೆ ಕಲ್ಲು ಯಾವ್ದು ಸಿಂಕ್ ಎಲ್ಲಿ ಅಂತ ಫೈನಲ್ ಮಾಡೋಕೆ ಅದೇ ಸರಿಯಾದ ಟೈಮು.

ಇನ್ನು ಆಳುಗಳ ವಿಷಯ. ಬೆಂಗಳೂರಿನ ಸೈಟ್‌ಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ತುಂಬಾ ಜನ ಇದ್ದಾರೆ, ಯುಗಾದಿಗೋ ಊರ ಜಾತ್ರೆಗೋ ಹೋಗೇ ಹೋಗ್ತಾರೆ, ಹೋಗ್ಲೂಬೇಕು. ಯಾವಾಗ ಹೋಗ್ತಾರೆ ಅಂತ ಮೊದಲೇ ಕೇಳಿ ಕ್ಯಾಲೆಂಡರಲ್ಲಿ ಬರ್ಕೊಂಡ್ರೆ ಮೋಲ್ಡ್ ಡೇಟನ್ನ ಅದಕ್ಕೆ ಹೊಂದಿಸ್ಬಹುದು.

ದುಡ್ಡು ತಾರೀಕಿನ ಲೆಕ್ಕದಲ್ಲಿ ಕೊಡ್ಬೇಡಿ. ಪಾಯ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಮೋಲ್ಡ್, ಪ್ಲಾಸ್ಟರಿಂಗ್ ಅಂತ ಹಂತ ಮುಗಿದ ಹಾಗೆ ಕೊಡಿ, ಎಷ್ಟು ಯಾವಾಗ ಅನ್ನೋದು ಅಗ್ರಿಮೆಂಟಲ್ಲೇ ಇರ್ಲಿ. ಹಂತ ಮುಗಿದ ಮೇಲೆ ಮಾತ್ರ ಒಂದು ದಿನವೂ ಲೇಟ್ ಮಾಡ್ಬೇಡಿ, ಆಳುಗಳ ಬಟವಾಡೆ ನಡೆಯೋದು ಆ ದುಡ್ಡಲ್ಲೇ.

ಆ ಬಟವಾಡೆ ದಿನವೇ ಮೇಸ್ತ್ರಿ ಜೊತೆ ಅರ್ಧ ಗಂಟೆ ಕೂತು, ಮುಂದಿನ ಎರಡು ವಾರ ಯಾವ ಕೆಲಸ, ಅದಕ್ಕೆ ಯಾವ ಸಾಮಾನು ಬೇಕು, ನಾವೇನು ಹೇಳೋದು ಬಾಕಿ ಇದೆ ಅಂತ ಒಂದು ಪುಸ್ತಕದಲ್ಲಿ ಬರೆದು, ಬಾಕಿ ಇರೋದನ್ನ ಸೋಮವಾರ ಕೆಲಸ ಶುರು ಆಗೋದ್ರೊಳಗೆ ಹೇಳ್ಬಿಡಿ.