ಮನೆಯಲ್ಲೊಂದು ನೋಡ್

ಬಿಟ್‌ಕಾಯಿನ್ ನೋಡ್, ಅಂದರೆ ಆ ಡಿಜಿಟಲ್ ಹಣದ ಲೆಕ್ಕವನ್ನೆಲ್ಲ ಇಟ್ಟುಕೊಂಡು ತಾಳೆ ನೋಡುವ ಕಂಪ್ಯೂಟರ್, ಮನೆಯಲ್ಲೇ ನಡೆಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೋರ್ಡ್ ಹುಡುಕುತ್ತಿದ್ದೇನೆ. 8 ಜಿಬಿ ರ್‍ಯಾಮ್ ಇರುವ ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು. ಹಿಂದಿನ ಪೈ 4ಕ್ಕೆ ಎಸ್‌ಎಸ್‌ಡಿ ಡಿಸ್ಕನ್ನು ಯುಎಸ್‌ಬಿಯಲ್ಲೇ ಸೇರಿಸಬೇಕು. 5ರಲ್ಲಿ ಪಿಸಿಐಇ ಎಂಬ ವೇಗದ ಸಂಪರ್ಕ ಇದೆ, ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿ ಹಾಕಬಹುದು.

ಆದರೆ ದುಡ್ಡು ಸುರಿಯಬೇಕಾದ್ದು ಬೋರ್ಡಿಗಲ್ಲ, ಡಿಸ್ಕಿಗೆ. 2009ರ ಜನವರಿಯ ಮೊದಲ ಬ್ಲಾಕಿನಿಂದ (ವ್ಯವಹಾರಗಳ ಒಂದು ಕಂತೆಗೆ ಬ್ಲಾಕ್ ಅಂತಾರೆ) ಇವತ್ತಿನವರೆಗಿನ ಲೆಕ್ಕ 600 ಜಿಬಿ ದಾಟಿದೆ, ದಿನವೂ ಬೆಳೆಯುತ್ತಿದೆ. 2 ಟಿಬಿಯೇ ಸರಿ. ಮೆಮೊರಿ ಕಾರ್ಡ್ ಮಾತ್ರ ಬೇಡವೇ ಬೇಡ, ಬರೆದೂ ಬರೆದೂ ಸವೆದುಹೋಗುತ್ತದೆ. ಮಳೆ ಬಂದರೆ ನಮ್ಮ ಏರಿಯಾದಲ್ಲಿ ಕರೆಂಟ್ ಹೋಗುತ್ತೆ, ಹಾಗಾಗಿ ಯುಪಿಎಸ್ ಕೂಡ ಬೇಕು.

ಇದರಿಂದ ಒಂದು ಪೈಸೆ ಹುಟ್ಟುವುದಿಲ್ಲ, ಇದು ಹೊಸ ಬಿಟ್‌ಕಾಯಿನ್ ಗಳಿಸುವ ಮೈನಿಂಗ್ ಅಲ್ಲ. ಯಾರೋ ಹೇಳಿದ್ದನ್ನು ನಂಬುವ ಬದಲು ಪ್ರತಿಯೊಂದು ವ್ಯವಹಾರವನ್ನೂ ನಮ್ಮ ಮನೆಯ ಯಂತ್ರವೇ ತಾಳೆ ನೋಡುತ್ತದಲ್ಲ, ನನಗೆ ಬೇಕಿರುವುದು ಅದೇ. ಶನಿವಾರ ಹೋಗಿ ತರ್ತೀನಿ.