ಚಿಕ್ಕವನಾದ ತಿಮೊಥೆಯನಿಗೆ ಪೌಲ ಎಫೆಸ ಸಭೆಯನ್ನು ಹೇಗೆ ಒಪ್ಪಿಸಿದ?

ಯುವಜನರ ಕೂಟ ನಡೆಸುವವರು, ಸಂಡೇ ಸ್ಕೂಲ್ ಶಿಕ್ಷಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯೌವನಸ್ಥನೆಂದು ಯಾರೂ ನಿನ್ನನ್ನು ಅಸಡ್ಡೆ ಮಾಡದಿರಲಿ ಎಂದು ಊರೂರು ಸುತ್ತಿ ಸುವಾರ್ತೆ ಸಾರಿದ ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದದ್ದು ಎಲ್ಲರಿಗೂ ಗೊತ್ತು. ಅದನ್ನು ಓದಿ, ಮೀಸೆ ಚಿಗುರುವ ಹುಡುಗನ ಕೈಗೆ ಎಫೆಸ ಪಟ್ಟಣದ ದೊಡ್ಡ ಸಭೆಯನ್ನು, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯವನ್ನು, ಏಕಾಏಕಿ ಕೊಟ್ಟುಬಿಟ್ಟ ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ.

ತಿಮೊಥೆಯನ ಊರಾದ ಲುಸ್ತ್ರದಲ್ಲಿ ಪೌಲ ಅವನನ್ನು ಜೊತೆಗೆ ಸೇರಿಸಿಕೊಂಡದ್ದು ಸುಮಾರು ಕ್ರಿ.ಶ. 49-50ರಲ್ಲಿ. ಎಫೆಸದಲ್ಲೇ ನಿಲ್ಲು ಎಂದು ಅವನಿಗೆ ಬರೆದ ಮೊದಲ ಪತ್ರ 60ರ ದಶಕದ್ದೆಂಬುದು ಸಾಂಪ್ರದಾಯಿಕ ಎಣಿಕೆ. (ಆ ಪತ್ರ ಪೌಲನ ಕಾಲವಾದ ಮೇಲೆ ಅವನ ಅನುಯಾಯಿಗಳು ಬರೆದದ್ದು ಎನ್ನುವ ವಿದ್ವಾಂಸರು ಬಹಳ ಮಂದಿ ಇದ್ದಾರೆ. ಆದರೂ ಅದರೊಳಗಿನ ಸಲಹೆಗಳ ತೂಕ ಕಡಿಮೆಯಾಗದು ಎಂದೇ ನನ್ನ ನಂಬಿಕೆ.) ನಡುವೆ ಹತ್ತು ವರ್ಷಕ್ಕೂ ಮಿಕ್ಕಿದ ಪಳಗುವಿಕೆ ಇದೆ.

ಆಯ್ಕೆಯೇ ಎಚ್ಚರದ್ದು. ಲುಸ್ತ್ರದವರಷ್ಟೇ ಅಲ್ಲ, ಇಕೋನ್ಯದ ಸಹೋದರರೂ ಹುಡುಗನ ಬಗ್ಗೆ ಒಳ್ಳೆಯ ಮಾತಾಡಿದ್ದರು. ಪೌಲನನ್ನು ಹಿಂದೆ ಕಲ್ಲೆಸೆದು, ಸತ್ತನೆಂದು ಊರ ಹೊರಗೆ ಎಳೆದುಹಾಕಿದ್ದೂ ಇದೇ ಲುಸ್ತ್ರದಲ್ಲಿ. ಜೊತೆಗೆ ಹೊರಟರೆ ಏನು ಕಾದಿದೆ ಎಂಬುದು ತಿಮೊಥೆಯನ ಊರಿಗೇ ಗೊತ್ತಿತ್ತು.

ಆಮೇಲೆ ಒಂದೊಂದೇ ಕೆಲಸ. ಬೆರೋಯದಲ್ಲಿ ಗಲಭೆಯೆದ್ದು ಪೌಲ ಹೊರಟಾಗ ತಿಮೊಥೆಯ ಇನ್ನೊಬ್ಬ ಜೊತೆಗಾರ ಸೀಲನೊಂದಿಗೆ ಅಲ್ಲೇ ಉಳಿದ. ಅಥೇನೆಯಿಂದ ಅವನೊಬ್ಬನನ್ನೇ ಥೆಸಲೋನಿಕಕ್ಕೆ ಕಳುಹಿಸಿದಾಗ ಕೆಲಸ ಸ್ಪಷ್ಟವಿತ್ತು: ಹಿಂಸೆಯಲ್ಲಿರುವ ಹೊಸ ಸಭೆಯನ್ನು ದೃಢಪಡಿಸಿ, ಸುದ್ದಿ ತರುವುದು. ಒಳ್ಳೆಯ ಸುದ್ದಿಯನ್ನೇ ತಂದ.

ಕೊರಿಂಥದ್ದು ಅಷ್ಟು ಸಲೀಸಾಗಿರಲಿಲ್ಲ. ಗುಂಪುಗಾರಿಕೆ, ವ್ಯಾಜ್ಯಗಳಿಂದ ಒಡೆದ ಸಭೆ ಅದು. ತಿಮೊಥೆಯ ಬಂದರೆ ಭಯವಿಲ್ಲದೆ ಇರುವಂತೆ ನೋಡಿಕೊಳ್ಳಿರಿ, ಯಾರೂ ಅವನನ್ನು ಹೀನಾಯ ಮಾಡಬಾರದು ಎಂದು ಪೌಲ ಮೊದಲೇ ಬರೆದಿಟ್ಟ. ಕೊನೆಗೆ ಆ ಸಭೆಯೊಂದಿಗೆ ರಾಜಿಯಾದ ಸುದ್ದಿ ತಂದವನು ತಿಮೊಥೆಯನಲ್ಲ, ಪೌಲನ ಇನ್ನೊಬ್ಬ ಸಹಾಯಕ ತೀತ. ಆದರೂ ಪೌಲ ತಿಮೊಥೆಯನನ್ನು ಬದಿಗೆ ಸರಿಸಲಿಲ್ಲ. ಅದೇ ಕೊರಿಂಥಕ್ಕೆ ಬರೆದ ಎರಡನೆಯ ಪತ್ರದ ಮೊದಲ ಸಾಲಲ್ಲೇ ತನ್ನ ಹೆಸರಿನ ಜೊತೆ ಅವನ ಹೆಸರನ್ನೂ ಬರೆಸಿದ. ಹೀಗೆ 6 ಪತ್ರಗಳ ಆರಂಭದಲ್ಲಿ ಇಬ್ಬರ ಹೆಸರೂ ಇದೆ. ಹಿರಿಯನೊಬ್ಬ ಕಿರಿಯನಿಗೆ ಕೊಡಬಹುದಾದ ಬೆಂಬಲ ಇದಕ್ಕಿಂತ ದೊಡ್ಡದಿಲ್ಲ.

ಎಫೆಸಕ್ಕೆ ಬಂದ ಪತ್ರದಲ್ಲಿ ಹುರಿದುಂಬಿಸುವ ಮಾತಿಗಿಂತ ಕೈಗೆಟಕುವ ಕ್ರಮಗಳೇ ಹೆಚ್ಚು. ಹಿರಿಯನ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ. ಚಿಕ್ಕವನೊಬ್ಬ ಸಭೆ ನಡೆಸುವಾಗ ಒಂದು ಗುಂಪು ಅವನನ್ನು ದಾಳ ಮಾಡಿಕೊಂಡು ಇನ್ನೊಬ್ಬ ಹಿರಿಯನನ್ನು ಕೆಡವುವುದು ಸುಲಭ; ಈ ನಿಯಮ ಅದಕ್ಕೆ ಅಡ್ಡಗಟ್ಟೆ. ತಪ್ಪು ಸಾಬೀತಾದರೆ ಎಲ್ಲರೆದುರಿಗೇ ಗದರಿಸು, ಪಕ್ಷಪಾತ ಬೇಡ. ವಯಸ್ಸಾದವರಿಗೆ ತಂದೆಗೆ ಹೇಳುವಂತೆ ಬುದ್ಧಿ ಹೇಳು. ವಿಧವೆಯರ ಪಟ್ಟಿಗೆ 60 ವರ್ಷ ದಾಟಿದವರನ್ನು ಸೇರಿಸು. ಮನೆಯವರಿದ್ದರೆ ಅವರೇ ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಬೀಳಬಾರದು. ಹೊಸದಾಗಿ ನಂಬಿದವನನ್ನು ಸಭಾಧ್ಯಕ್ಷನಾಗಿ ಮಾಡಬೇಡ, ಉಬ್ಬಿಹೋಗಿ ಬೀಳುತ್ತಾನೆ. ಸಭಾಸೇವಕರನ್ನು ಮೊದಲು ಪರೀಕ್ಷಿಸು. ಅವಸರದಿಂದ ಯಾರ ಮೇಲೂ ಹಸ್ತವಿಟ್ಟು ಸೇವೆಗೆ ನೇಮಿಸಬೇಡ. ಇಂದಿಗೂ ಸಭೆಗಳು ಎಡವುವುದು ಹೆಚ್ಚಾಗಿ ಇಲ್ಲೇ: ಉತ್ಸಾಹಿ ಸಿಕ್ಕಿದ ಕೂಡಲೇ ಹುದ್ದೆ ಕೊಡುತ್ತಾರೆ.

ಇಂಥ ಆಡಳಿತದ ಮಾತುಗಳ ನಡುವೆಯೇ, ನಿನಗೆ ಹೊಟ್ಟೆಯ ತೊಂದರೆ, ಆಗಾಗ ಕಾಯಿಲೆ. ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದೂ ಬರೆಯುತ್ತಾನೆ. ಕೆಲಸ ಒಪ್ಪಿಸಿದವನಿಗೆ ಕೆಲಸಗಾರನ ಹೊಟ್ಟೆನೋವೂ ನೆನಪಿತ್ತು.

ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಹೊತ್ತಿಗೆ ಪೌಲ ಸೆರೆಯಲ್ಲಿ. ಚಳಿಗಾಲಕ್ಕೆ ಮುಂಚೆ ಬಾ, ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ ಎಂದು ಕರೆಯುತ್ತಾನೆ. ಅದಕ್ಕೂ ಒಂದು ಮಾತು ಮೊದಲು, ತನ್ನ ಜೊತೆಗಾರ ತುಖಿಕನನ್ನು ಎಫೆಸಕ್ಕೆ ಕಳುಹಿಸಿದ್ದೇನೆ ಎನ್ನುತ್ತಾನೆ. ತಿಮೊಥೆಯ ಆಗಲೂ ಎಫೆಸದಲ್ಲೇ ಇದ್ದ ಎಂದು ಹೆಚ್ಚಿನವರು ಓದುತ್ತಾರೆ. ಹಾಗಿದ್ದರೆ ಅವನು ಹೊರಡುವ ಮೊದಲೇ ಅವನ ಜಾಗಕ್ಕೆ ಆಳು ಗೊತ್ತಾಗಿತ್ತು.