ಹೆಳವರ ಪುಸ್ತಕದಲ್ಲಿ ನಾನಿರಲಿಲ್ಲ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಮೊದಲು ಬೇಡ ಅಂದೆ. ಹಳೆಯ ವಿದ್ಯಾರ್ಥಿಗಳ ಲೇಖನ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಮೇಷ್ಟ್ರು ಹೊಡೆದರು, ಅದಕ್ಕೇ ನಾವು ಉದ್ಧಾರ ಆದೆವು ಅನ್ನುತ್ತವೆ. ನನ್ನನ್ನು ಯಾರೂ ಹೊಡೆಯಲಿಲ್ಲ, ಹೇಳಿಕೊಳ್ಳುವಂಥ ಉದ್ಧಾರವೂ ಆಗಲಿಲ್ಲ. ಆದರೆ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸ್ವಲ್ಪ ಕಾಲ ನಾನು ರಾಜಕುಮಾರಿಯಾಗಿದ್ದೆ. ಅದನ್ನಾದರೂ ಬರೆಯೋಣ ಅನ್ನಿಸಿತು.

ನಾನು ಚಿತ್ರದುರ್ಗದಲ್ಲಿ ಹಾಸ್ಟೆಲಿನ ಹುಡುಗಿ. ಅಪ್ಪ ಚಳ್ಳಕೆರೆಯಲ್ಲಿ ಹಮಾಲಿ ಮಾಡುತ್ತಿದ್ದರು. ಎಣ್ಣೆ ಮಿಲ್ಲುಗಳ ಊರು ಅದು, ಶೇಂಗಾ ಚೀಲ ಹೊತ್ತು ಹೊತ್ತು ಅವರ ಅಂಗಿಗೆಲ್ಲ ಎಣ್ಣೆಯ ವಾಸನೆ ಹಿಡಿದಿತ್ತು. ನಾವು ನಾಯಕ ಜನ, ಅಷ್ಟು ಗೊತ್ತಿತ್ತು. ಯಾವ ನಾಯಕರು, ಯಾವ ಬೆಡಗು ಅಂದರೆ ಗೋತ್ರ, ಇದೆಲ್ಲ ಮದುವೆ ಮಾತು ಬಂದಾಗ ದೊಡ್ಡವರು ಆಡಿಕೊಳ್ಳುವ ವಿಷಯ. ನನಗೆ ಬೇಕಾಗಿರಲಿಲ್ಲ.

1995ರ ಸಂಕ್ರಾಂತಿ ರಜೆಗೆ ಅಜ್ಜಿಯ ಊರಿಗೆ ಹೋಗಿದ್ದೆ. ಸುಗ್ಗಿ ಮುಗಿದಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಹೆಳವರು ಬಂದರು. ಈಗಿನ ಮಕ್ಕಳಿಗೆ ಹೆಳವರು ಅಂದರೆ ಗೊತ್ತಿದೆಯೋ ಇಲ್ಲವೋ. ಮನೆ ಮನೆಯ ವಂಶಾವಳಿ ಇಟ್ಟುಕೊಂಡು, ಅದನ್ನು ಹಾಡಿ ಹೊಗಳಿ, ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಹೋಗುವ ಜನ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ಇವರು ಮೊಪೆಡ್ ಮೇಲೆ ಬಂದಿದ್ದರು, ಗಂಟೆ ಮಾತ್ರ ಇತ್ತು. ಕಂಬಳಿ ಹಾಸಿ ಕೂತು, ಕೆಂಪು ಬಟ್ಟೆ ಸುತ್ತಿದ ದಪ್ಪ ಪುಸ್ತಕ ಬಿಚ್ಚಿದರು. ಮುತ್ತಜ್ಜ, ಅವರಪ್ಪ, ಅವರಪ್ಪನ ಅಪ್ಪ ಅಂತ ಒಂದೇ ಉಸಿರಿಗೆ ಮೇಲೆ ಮೇಲೆ ಹತ್ತಿ, ಕೊನೆಗೆ ಧ್ವನಿ ಏರಿಸಿ, ನೀವು ಕಾಮಗೇತಿ ವಂಶದವರು, ದುರ್ಗದ ದೊರೆಗಳ ಕಡೆಯವರು, ಅಂದರು.

ನಾನು ರೊಟ್ಟಿ ತಿನ್ನುತ್ತಾ ಕೂತಿದ್ದೆ. ಕಾಮಗೇತಿ ವಂಶ ಅಂದರೆ ಮದಕರಿ ನಾಯಕರ ವಂಶ, ಅಷ್ಟು ನಮ್ಮೂರ ಕಡೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅಜ್ಜಿಯ ಮುಖ ನೋಡಿದೆ. ಅಜ್ಜಿ ಮೊರದಲ್ಲಿ ಜೋಳ ಹಾಕುತ್ತಿದ್ದಳು, ಕತ್ತನ್ನೂ ಎತ್ತಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು! ಯಾಕೆ ಹೇಳಲಿಲ್ಲ ಅಂದೆ. "ಹೇಳ್ಕೊಂಡ್ರೆ ಏನ್ ಬರ್ತದೆ, ಜೋಳ ಬರ್ತದಾ?" ಅಂದಳು.

ಆಮೇಲೆ ಪುಸ್ತಕದಲ್ಲಿ ನನ್ನ ಹೆಸರು ತೋರಿಸಿ ಅಂತ ಹೆಳವರನ್ನು ಕೇಳಿದೆ. ಅಪ್ಪನ ಹೆಸರಿತ್ತು. ಅಣ್ಣನ ಹೆಸರಿತ್ತು. ನನ್ನದು ಇರಲಿಲ್ಲ. "ನೀನು ಬೇರೆ ಮನೆ ಪುಸ್ತಕಕ್ಕೆ ಹೋಗೋಳವ್ವ" ಅಂದು ನಕ್ಕರು. ಆಗ ಅದು ಅಷ್ಟಾಗಿ ಚುಚ್ಚಲಿಲ್ಲ. ತಲೆ ತುಂಬ ಕೋಟೆಯೇ ಇತ್ತು.

ರಜೆ ಮುಗಿಸಿ ಬಂದ ದಿನವೇ ಹಾಸ್ಟೆಲಿನಲ್ಲಿ ಒಬ್ಬಳಿಗೆ ಗುಟ್ಟಾಗಿ ಹೇಳಿದೆ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ಕ್ಲಾಸಿನ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು ನೋಡಿ, ಪಾಠದ ಮಧ್ಯೆ ಯಾರಾದರೂ ಹೊರಗೆ ನೋಡಿದರೆ ಪಕ್ಕದವಳು, ಏಯ್ ಅವಳ ಮನೆ ಯಾಕೆ ನೋಡ್ತೀಯಾ, ಅನ್ನುತ್ತಿದ್ದಳು. ಜಹಗೀರು ಹಂಚು ಅಂತ ಪೀಡಿಸಿದರು. ಹಂಚಿದೆ. ಒಬ್ಬಳಿಗೆ ಹಿರಿಯೂರು ಕೊಟ್ಟೆ, ವಾಣಿವಿಲಾಸ ಸಾಗರ ಸಮೇತ. ಇನ್ನೊಬ್ಬಳು ಬೆಣ್ಣೆ ದೋಸೆಯ ಆಸೆಗೆ ದಾವಣಗೆರೆಯನ್ನೇ ಬೇಕು ಅಂದಳು. ಆಗ ದಾವಣಗೆರೆ ನಮ್ಮ ಜಿಲ್ಲೆಯೊಳಗೇ ಇತ್ತು, ಕೊಡಲು ಕಷ್ಟವಾಗಲಿಲ್ಲ. 1997ರಲ್ಲಿ ಅದು ಬೇರೆ ಜಿಲ್ಲೆಯಾದಾಗ ಅವಳು ನೆನಪಿಟ್ಟುಕೊಂಡು ನನಗೊಂದು ಕಾರ್ಡು ಹಾಕಿದ್ದಳು: ಇನ್ನು ಮೇಲೆ ಕಪ್ಪ ಕಳಿಸುವುದಿಲ್ಲ.

ಸುದ್ದಿ ಸಮಾಜ ಮೇಷ್ಟ್ರ ಕಿವಿಗೂ ಬಿತ್ತು. ಅವರ ಬಗ್ಗೆಯೇ ನಾನು ಮುಖ್ಯವಾಗಿ ಬರೆಯಬೇಕಾಗಿರುವುದು. ತೆಳ್ಳಗಿನ ಮನುಷ್ಯ, ಸದಾ ಕೈಯಲ್ಲಿ ಸೀಮೆಸುಣ್ಣ, ಜೋರಾಗಿ ಮಾತಾಡಿದ್ದನ್ನೇ ನಾವು ಕೇಳಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಇವರು ಎದ್ದು ನಿಲ್ಲು ಅಂದು, ಹೆಳವರು ಹೇಳಿದ್ದನ್ನು ಪೂರ್ತಿ ಹೇಳಿಸಿದರು. ಎಷ್ಟು ತಲೆಮಾರಿನ ಹೆಸರು ಹೇಳಿದರು, ಎಲ್ಲಿಂದ ಹೆಸರಿಲ್ಲದೆ ಬರೀ ವಂಶ ಅಂದರು ಅಂತ ಕೇಳಿದರು. ಐದು ಹೆಸರಾದ ಮೇಲೆ ಹೆಳವರು ನೇರ ದೊರೆಗಳಿಗೆ ಹಾರಿದ್ದರು, ಅದು ಹೊಳೆದದ್ದೇ ಆಗ.

ಮೇಷ್ಟ್ರು ಬೋರ್ಡಿನ ಮೇಲೆ 1779 ಅಂತ ಬರೆದರು. ದುರ್ಗ ಹೈದರಾಲಿಯ ಕೈಸೇರಿದ ವರ್ಷ. ಅಲ್ಲಿಂದ ಇಲ್ಲಿಗೆ 216 ವರ್ಷ, ತಲೆಗೆ 25 ವರ್ಷ ಅಂತ ಹಿಡಿದರೂ ಎಂಟು ತಲೆಮಾರು. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಅಪ್ಪ ಅಮ್ಮಂದಿರು ಎಂಟು, ಹೀಗೇ ಇಮ್ಮಡಿ ಮಾಡುತ್ತಾ ಹೋಗಿ ಎಂಟನೇ ತಲೆಯಲ್ಲಿ 256ಕ್ಕೆ ನಿಲ್ಲಿಸಿದರು. "ಅವರಲ್ಲಿ ಒಬ್ಬರು ದೊರೆಗಳ ಕಡೆಯವರು ಅಂತಲೇ ಇಟ್ಕೊಳ್ಳೋಣ. ಉಳಿದ 255 ಜನ ಏನ್ ಮಾಡ್ತಿದ್ರು?"

ಕ್ಲಾಸು ಸುಮ್ಮನಾಯಿತು. ಯಾರೋ ಒಬ್ಬಳು ಕುರಿ ಕಾಯ್ತಿದ್ರು ಸಾರ್ ಅಂದಳು. ಇನ್ನೊಬ್ಬಳು ಕಲ್ಲು ಹೊರ್ತಿದ್ರು ಅಂದಳು. ನವಣೆ ಬಿತ್ತುವವರು, ಕೋಟೆ ಕಾಯುವವರು, ಬಾಣಂತನ ಮಾಡುವವರು. ಅವತ್ತಿನ ಪೀರಿಯಡ್ ಇದರಲ್ಲೇ ಹೋಯಿತು. ಕೊನೆಗೆ ಅವರು, ಈ ಲೆಕ್ಕ ಎಲ್ಲರಿಗೂ ಒಂದೇ, ಹುಡುಕಿದರೆ ಈ ಕ್ಲಾಸಿನಲ್ಲಿ ಅರ್ಧ ಜನ ರಾಜವಂಶವೇ ಇರಬಹುದು, ಅಂದರು. ನನಗೆ ಸಿಟ್ಟು ಬಂತು. ಒಂದು ವಾರ ಕೂಡ ಆಗಿರಲಿಲ್ಲ, ಅಷ್ಟರಲ್ಲೇ ಸಿಂಹಾಸನಕ್ಕೆ ಪಾಲುದಾರರು!

ರಾಜಧನ ಬರುತ್ತಾ ಸಾರ್ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಅದು 1971ರಲ್ಲೇ ನಿಂತಿತು, ಸಂವಿಧಾನದ 26ನೇ ತಿದ್ದುಪಡಿ, ಪರೀಕ್ಷೆಗೂ ಬರುತ್ತೆ ಬರ್ಕೊಳ್ಳಿ ಅಂದರು. ಸರ್ಕಾರದಿಂದ ಅದು ಬರುತ್ತಿದ್ದದ್ದು ಮೈಸೂರಿನಂಥ ಸಂಸ್ಥಾನಗಳ ಮಹಾರಾಜರಿಗೆ. ದುರ್ಗದ ಪಾಳೆಯಗಾರರ ಕಥೆ ಅದಕ್ಕೂ ಎಷ್ಟೋ ಹಿಂದೆಯೇ ಮುಗಿದಿತ್ತು.

ಆ ತಿಂಗಳೇ ಒಂದು ಭಾನುವಾರ ಮೇಷ್ಟ್ರು ನಮ್ಮನ್ನೆಲ್ಲ ಕೋಟೆಗೆ ಕರೆದುಕೊಂಡು ಹೋದರು. ದುರ್ಗದ ಮಕ್ಕಳಿಗೆ ಕೋಟೆ ಹೊಸದಲ್ಲ. ಯಾರಾದರೂ ನೆಂಟರು ಬಂದರೆ ಓಬವ್ವನ ಕಿಂಡಿ ತೋರಿಸುವ ಕೆಲಸ ಹೇಗೂ ನಮ್ಮದೇ. ಆದರೆ ಅವತ್ತು ನಾನು ಬೇರೆ ಗತ್ತಿನಲ್ಲಿ ಹತ್ತಿದೆ. ಏಕನಾಥೇಶ್ವರಿಗೆ ಕೈ ಮುಗಿದು, ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತೆವು. ಮೇಲಿನ ಈ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡದ ತನಕ ಹರಿಯುವ ಹಾಗೆ ಕಟ್ಟಿದ್ದಾರೆ ಅಂತ ಮೇಷ್ಟ್ರು ಬೆರಳು ತೋರಿಸಿ ಹೇಳಿದರು. ಮಳೆ ಕಮ್ಮಿ ಇರುವ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಂಪತ್ತು ಯಾವುದಿದೆ ಹೇಳಿ. ನನಗೆ ಮಾತ್ರ ಅರಮನೆ ಬೇಕಿತ್ತು.

ತೋರಿಸಿದರು. ಮಣ್ಣಿನ ಗೋಡೆಗಳು! ಎತ್ತರವಾಗಿಯೇನೋ ಇವೆ, ಚಾವಣಿ ಇಲ್ಲ, ಒಳಗೆ ಮೇಕೆಗಳು ಮೇಯುತ್ತಿದ್ದವು. ಸುತ್ತ ಏಳು ಸುತ್ತು ಕಲ್ಲಿನ ಕೋಟೆ ಕಟ್ಟಿಸಿದವರು ಮನೆಯನ್ನು ಮಣ್ಣಿನಲ್ಲಿ ಕಟ್ಟಿಕೊಂಡಿದ್ದರು. ಗೆಳತಿಯರು ಬಿದ್ದು ಬಿದ್ದು ನಕ್ಕರು, ನಿಮ್ಮ ಅಜ್ಜಿ ಮನೆಯೇ ವಾಸಿ ಕಣೇ ಅಂದರು.

ಅಲ್ಲಿ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಾಗ ಮೇಷ್ಟ್ರು ಮದಕರಿಯ ಕಥೆ ತೆಗೆದರು. ಕುದುರೆ, ಕತ್ತಿ, ಮೀಸೆಯ ಮದಕರಿ ನಮಗೆಲ್ಲ ಗೊತ್ತು. ಇವರು ಹೇಳಿದ್ದು ಹುಡುಗ ಮದಕರಿಯದ್ದು. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕರು ಮಕ್ಕಳಿಲ್ಲದೆ ತೀರಿಹೋದರು. ಆಗ ಜಾನಕಲ್ಲಿನ ಭರಮಪ್ಪ ನಾಯಕರ ಮಗನನ್ನು ತಂದು ಪಟ್ಟಕ್ಕೆ ಕೂರಿಸಿದರು. ಹನ್ನೆರಡರ ಆಸುಪಾಸಿನ ಹುಡುಗ. ನನಗಿಂತ ಚಿಕ್ಕವನು. ಯಾರೋ ಬಂದು ನೀನೇ ಇನ್ನು ದೊರೆ ಅಂದಾಗ ಅವನು ಏನು ಮಾಡುತ್ತಿದ್ದನೋ, ನನ್ನ ಹಾಗೇ ರೊಟ್ಟಿ ತಿನ್ನುತ್ತಿದ್ದನೋ ಏನೋ. ಅಲ್ಲಿಂದ 25 ವರ್ಷ ಒಂದು ಕಡೆ ಹೈದರಾಲಿ, ಒಂದು ಕಡೆ ಮರಾಠರು, ಇವರ ಮಧ್ಯೆ ರಾಜ್ಯ ಉಳಿಸಿಕೊಂಡ. ಹೈದರಾಲಿಯ ದಂಡಯಾತ್ರೆಗಳಿಗೆ ಸೈನ್ಯ ತೆಗೆದುಕೊಂಡು ಹೋದವನೂ ಅವನೇ, ಕೊನೆಗೆ ಅದೇ ಹೈದರಾಲಿಯ ಸೆರೆಯಾಳಾದವನೂ ಅವನೇ. ಮನೆಯವರ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ದರು. ಸುಮಾರು 20,000 ಬೇಡರನ್ನು, ಅಂದರೆ ನಮ್ಮ ನಾಯಕ ಜನರನ್ನೇ, ಊರು ಬಿಡಿಸಿ ಅಲ್ಲಿಗೇ ಸಾಗಿಸಿದರು, ಹುಡುಗರನ್ನು ಸೆರೆಸಿಕ್ಕ ಹುಡುಗರಿಂದಲೇ ಕಟ್ಟಿದ ಚೇಲಾ ದಳಕ್ಕೆ ಸೇರಿಸಿದರು.

"ನೀನು ಇವತ್ತು ಚಳ್ಳಕೆರೆ ಸೀಮೆಯವಳು ಅಂದ್ರೆ, ನಿಮ್ಮೋರು ಆ ಸಾಲಿನಿಂದ ಹೇಗೋ ತಪ್ಪಿಸ್ಕೊಂಡಿದ್ದಾರೆ. ಹೇಗೆ ಅಂತ ಹೆಳವರನ್ನ ಕೇಳು" ಅಂದರು ನನಗೆ. ಮುಂದಿನ ಸುಗ್ಗಿಗೆ ಕೇಳಿದೆ. ಪುಸ್ತಕದಲ್ಲಿ ಅದಿಲ್ಲವಂತೆ. ನಾನು ಮುಂದೆ ಇತಿಹಾಸವನ್ನೇ ಓದಿದ್ದು ಬಹುಶಃ ಆ ಒಂದು ಪ್ರಶ್ನೆಯ ಸಿಟ್ಟಿಗೆ.

ವಾರ್ಷಿಕೋತ್ಸವಕ್ಕೆ ಓಬವ್ವನ ನಾಟಕ. ದುರ್ಗದ ಶಾಲೆಯಲ್ಲಿ ಬೇರೆ ಯಾವ ನಾಟಕ ಆಡುತ್ತಾರೆ? ನನಗೆ ಸಿಕ್ಕಿದ್ದು ಹೈದರನ ಸೈನಿಕನ ಪಾತ್ರ, ಕಿಂಡಿಯಲ್ಲಿ ತಲೆ ತೂರಿಸಿ ಒನಕೆ ಏಟು ತಿಂದು ಸಾಯುವುದು. ಇದೇನು ಸಾರ್, ಬೇರೆ ಯಾರಿಗಾದರೂ ಕೊಡಿ, ನಾನು ಓಬವ್ವ ಆಗ್ತೀನಿ ಅಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಓಬವ್ವ ಅರಮನೆಯವಳಲ್ಲಮ್ಮ, ಕಾವಲುಗಾರ ಮುದ್ದ ಹನುಮನ ಹೆಂಡತಿ, ಊಟಕ್ಕೆ ಕೂತ ಗಂಡನಿಗೆ ನೀರು ತರೋಕೆ ಹೋದೋಳು, ಅಂದರು. ಓಬವ್ವನಾದವಳು ನನ್ನ ಹಿರಿಯೂರಿನ ಜಹಗೀರುದಾರಳೇ. ರಟ್ಟಿನ ಒನಕೆ ಹಿಂದಿನ ರಾತ್ರಿ ಯಾರದೋ ಕಾಲಿಗೆ ಸಿಕ್ಕಿ ಮುರಿದಿತ್ತು. ಅಡುಗೆ ಮನೆಯಿಂದ ನಿಜವಾದದ್ದನ್ನೇ ತಂದರು. ಅವಳೂ ರಾಜಭಕ್ತಿ ತೋರಿಸಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಸ್ಕಾಲರ್‌ಶಿಪ್ಪಿಗೆ ಜಾತಿ ಪ್ರಮಾಣಪತ್ರ ಬೇಕಾಯಿತು. ನಾಯಕರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 1991ರಲ್ಲಿ. ಅಪ್ಪ ಒಂದು ದಿನದ ಹಮಾಲಿ ಬಿಟ್ಟು ಬಂದು ನನ್ನ ಜೊತೆ ಸಾಲಿನಲ್ಲಿ ನಿಂತರು. ಬಿಸಿಲು, ಮುಂದೆ ಉದ್ದ ಸಾಲು. ಜನವರಿಯಲ್ಲಿ ರಾಜವಂಶ, ಜೂನ್‌ನಲ್ಲಿ ಪಂಗಡ, ಎರಡೂ ಒಂದೇ ಮನೆಯ ವಿಷಯ. ಎರಡೂ ನಿಜವೇ ಇರಬಹುದು. ಆದರೆ ನನ್ನನ್ನು ಓದಿಸಿದ್ದು ಎರಡನೇ ಕಾಗದ, ಅದರಲ್ಲಿ ನನ್ನ ಹೆಸರು ಸ್ಪಷ್ಟವಾಗಿತ್ತು. ಅಪ್ಪನಿಗೆ ಹೆಳವರ ಮಾತು ನೆನಪಿಸಿದೆ. "ದೊರೆಗಳು ಸಾಲಲ್ಲಿ ನಿಲ್ಬಾರ್ದು ಅಂತ ಎಲ್ಲಾದ್ರೂ ಬರ್ದೈತಾ?" ಅಂದು ಬೀಡಿ ಹಚ್ಚಿದರು.

ಮೇಷ್ಟ್ರು ನಿವೃತ್ತಿಯಾದ ಮೇಲೂ ಒಮ್ಮೊಮ್ಮೆ ಸಿಗುತ್ತಿದ್ದರು. ಏನಮ್ಮಾ, ಆ 255ರಲ್ಲಿ ಎಷ್ಟು ಜನ ಸಿಕ್ಕರು ಅಂತ ಕೇಳುವುದು ಅವರ ನಮಸ್ಕಾರ. ಈಗ ಅವರಿಲ್ಲ. ಹೆಳವರು ಮಾತ್ರ ಈಗಲೂ ತವರಿಗೆ ಬರುತ್ತಾರೆ, ಈಗ ಅವರ ಮಗ. ನನ್ನ ಗಂಡನ ಮನೆಗೆ ಹೆಳವರೇ ಬರುವುದಿಲ್ಲ, ಹಾಗಾಗಿ ನಾನು ಯಾವ ಪುಸ್ತಕದಲ್ಲೂ ಇಲ್ಲ ಅಂತ ಹೋದ ಸಲ ಜಗಳ ತೆಗೆದೆ. ಅವನಿಗೂ ನನ್ನಷ್ಟೇ ವಯಸ್ಸು, ಸ್ವಲ್ಪ ಯೋಚಿಸಿ, ಅಣ್ಣನ ಸಾಲಿನ ಪಕ್ಕದಲ್ಲೇ ಬರೆದ. ನನ್ನ ಹೆಸರು, ಮಗಳ ಹೆಸರು. ಒಂದು ಸೀರೆ ಕೊಡಬೇಕಾಯಿತು, ಚೌಕಾಸಿ ಮಾಡಲಿಲ್ಲ.

ಕೋಟೆಗೆ ಈಗಲೂ ಟಿಕೆಟ್ ತೆಗೆದುಕೊಂಡೇ ಹೋಗುತ್ತೇನೆ. ಇನ್ನೊಂದು ವಿಷಯ. ಆ ನಾಟಕದ ಫೋಟೋ ನಮ್ಮ ಬ್ಯಾಚಿನ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಶಾಲೆಗೆ ಕಳಿಸಿಕೊಡಿ. ಕಿಂಡಿಯಲ್ಲಿ ತಲೆ ಇಟ್ಟವಳು ನಾನೇ ಅಂದರೆ ನನ್ನ ಮಗಳು ನಂಬುತ್ತಿಲ್ಲ.